ಕಾರ್ಮಿಕ ಸಂಘದ ಶಾಖೆ ಮತ್ತು ಸಂಧಾನದ ಸುದ್ದಿ

ಕಾರ್ಖಾನೆಯೊಂದರಲ್ಲಿ ವೇತನ ಪರಿಷ್ಕರಣೆಯ ಮಾತುಕತೆ ಆರಂಭವಾಯಿತೆಂದರೆ, ಅಲ್ಲಿ ದುಡಿಯುವ ಪ್ರತಿಯೊಬ್ಬರ ಮನೆಯ ಲೆಕ್ಕಾಚಾರವೂ ಅದರೊಂದಿಗೆ ಹೆಣೆದುಕೊಳ್ಳುತ್ತದೆ. ಮಕ್ಕಳ ಶಾಲೆಯ ಶುಲ್ಕ, ಕೋಣೆಯ ಬಾಡಿಗೆ, ಊರಿನಲ್ಲಿರುವ ತಂದೆತಾಯಿಗಳಿಗೆ ಕಳುಹಿಸಬೇಕಾದ ಹಣ ಇವೆಲ್ಲವೂ ಆ ಮಾತುಕತೆಯ ಫಲಕ್ಕಾಗಿ ಕಾಯುತ್ತಿರುತ್ತವೆ. ಆದರೆ ಮಾತುಕತೆಯ ಮೇಜಿನ ಬಳಿ ಕುಳಿತುಕೊಳ್ಳುವವರು ನಾಲ್ಕಾರು ಮಂದಿ ಮಾತ್ರ. ಉಳಿದ ನೂರಾರು ಮಂದಿಗೆ ಅಲ್ಲಿ ಏನು ನಡೆಯಿತೆಂಬುದು ತಿಳಿಯುವುದು ಸಂಘದ ಶಾಖೆಯ ಮೂಲಕವೇ. ಶಾಖೆಯು ಸಕಾಲದಲ್ಲಿ, ಸರಿಯಾಗಿ, ಅರ್ಥವಾಗುವ ಭಾಷೆಯಲ್ಲಿ ಸುದ್ದಿ ತಿಳಿಸದಿದ್ದರೆ ಆ ಸ್ಥಳವನ್ನು ಗಾಳಿಮಾತು ಆಕ್ರಮಿಸುತ್ತದೆ. ಮಾತು ಮನೆ ಕೆಡಿಸಿತು ಎಂಬ ನಮ್ಮ ಹಿರಿಯರ ನುಡಿ ಕಾರ್ಖಾನೆಗೂ ಅನ್ವಯಿಸುತ್ತದೆ.

ಠಾಣೆ–ಬೇಲಾಪುರ, ಪಿಂಪ್ರಿ–ಚಿಂಚವಾಡ, ಅಂಬತ್ತೂರು, ಪಟಾನ್‌ಚೆರು, ಓಖ್ಲಾ ಮುಂತಾದ ಕೈಗಾರಿಕಾ ಪ್ರದೇಶಗಳಲ್ಲಿ ದುಡಿಯುವ ಕನ್ನಡಿಗರಿಗೆ ಇನ್ನೊಂದು ತೊಡಕೂ ಇರುವುದುಂಟು. ಸೂಚನಾ ಫಲಕದ ಬರಹ ಮರಾಠಿ, ತಮಿಳು, ತೆಲುಗು, ಹಿಂದಿ ಅಥವಾ ಇಂಗ್ಲಿಷಿನಲ್ಲಿರುತ್ತದೆ. ಆ ಭಾಷೆಯನ್ನು ಆಡಬಲ್ಲವರಿಗೆಲ್ಲ ಕಾನೂನಿನ ಪದಗಳಿಂದ ತುಂಬಿದ ಅದರ ಬರಹವನ್ನು ಓದಿ ಅರ್ಥಮಾಡಿಕೊಳ್ಳಲು ಸಾಧ್ಯವಾಗದು. ಶಾಖೆಯು ಸದಸ್ಯರಿಗೆ ಏನನ್ನು, ಯಾವಾಗ, ಹೇಗೆ ತಿಳಿಸಬೇಕು, ಸದಸ್ಯರು ಅದನ್ನು ಹೇಗೆ ಪರಿಶೀಲಿಸಬೇಕು ಎಂಬುದನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ಒಂದು ಹಳೆಯ ನಿದರ್ಶನ: ಅಹಮದಾಬಾದು, 1918

ವಿವಾದದ ಕಾಲದಲ್ಲಿ ಕಾರ್ಮಿಕರಿಗೆ ಸುದ್ದಿ ತಿಳಿಸುವ ಕಾರ್ಯಕ್ಕೆ ನಮ್ಮ ದೇಶದಲ್ಲಿ ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ. 1917ರಲ್ಲಿ ಅಹಮದಾಬಾದಿನಲ್ಲಿ ಪ್ಲೇಗು ಹರಡಿದಾಗ, ನೇಕಾರರು ಊರು ಬಿಟ್ಟು ಹೋಗದಂತೆ ಬಟ್ಟೆ ಗಿರಣಿಗಳ ಮಾಲೀಕರು ಅವರಿಗೆ ವಿಶೇಷ ಬೋನಸ್ಸು ನೀಡುತ್ತಿದ್ದರು. ಪಿಡುಗು ಇಳಿದ ಮೇಲೆ ಅದನ್ನು ನಿಲ್ಲಿಸಲಾಯಿತು. ಆದರೆ ಯುದ್ಧಕಾಲದ ಬೆಲೆಯೇರಿಕೆ ಇಳಿದಿರಲಿಲ್ಲ. ನೇಕಾರರು ನೂರಕ್ಕೆ 50ರಷ್ಟು ಹೆಚ್ಚಳ ಕೇಳಿದರು. ಮಾಲೀಕರು 20ಕ್ಕೆ ನಿಂತರು. 1918ರ ಫೆಬ್ರವರಿ 22ರಂದು ಮಾಲೀಕರು ಲಾಕೌಟ್ ಘೋಷಿಸಿದರು. ವೇತನ ಮತ್ತು ಜೀವನ ವೆಚ್ಚದ ಲೆಕ್ಕವನ್ನು ಪರಿಶೀಲಿಸಿದ ಗಾಂಧೀಜಿಯವರು ನೂರಕ್ಕೆ 35ರ ಹೆಚ್ಚಳವೇ ನ್ಯಾಯವೆಂದು ಕಾರ್ಮಿಕರಿಗೆ ಸಲಹೆ ನೀಡಿದರು.

ಇಲ್ಲಿ ಗಮನಿಸತಕ್ಕ ವಿಷಯವೊಂದಿದೆ. ಸಾಬರಮತಿ ನದಿಯ ದಡದಲ್ಲಿ ಮರದಡಿಯಲ್ಲಿ ಪ್ರತಿದಿನ ಸಭೆ ಸೇರುತ್ತಿತ್ತು. ಫೆಬ್ರವರಿ 26ರಿಂದ ಅನಸೂಯಾ ಸಾರಾಭಾಯಿ ಅವರ ಹೆಸರಿನಲ್ಲಿ ಒಂದಾದ ಮೇಲೊಂದು ಕರಪತ್ರ ಹೊರಬಂದಿತು. ಅವುಗಳನ್ನು ಸಿದ್ಧಪಡಿಸಿದವರು ಗಾಂಧೀಜಿಯವರು. ಲಾಕೌಟ್ ಹೇಗೆ ಆರಂಭವಾಯಿತು, 35 ಎಂಬ ಅಂಕಿಗೆ ಬಂದದ್ದು ಹೇಗೆ, ಕೈಗೊಂಡ ಪ್ರತಿಜ್ಞೆಯ ಅರ್ಥವೇನು ಎಂಬುದನ್ನು ಅವು ಸರಳವಾಗಿ ವಿವರಿಸುತ್ತಿದ್ದವು. ಕೇಳುವ ಅಂಕಿಯ ಹಿಂದಿನ ಲೆಕ್ಕ ಸಾಮಾನ್ಯ ನೇಕಾರನಿಗೂ ತಿಳಿದಿರಬೇಕು ಎಂಬುದು ಇದರ ಆಶಯವಾಗಿತ್ತು. ಅನಸೂಯಾ ಅವರ ಸೋದರ ಅಂಬಾಲಾಲ್ ಸಾರಾಭಾಯಿ ಅವರು ಗಿರಣಿ ಮಾಲೀಕರ ಮುಂದಾಳುವಾಗಿದ್ದರೂ ಕರಪತ್ರಗಳು ಎದುರು ಪಕ್ಷದ ಬಗೆಗೆ ಸೌಜನ್ಯ ಕಳೆದುಕೊಳ್ಳಲಿಲ್ಲ.

ಮಾರ್ಚ್ 15ರಂದು ಗಾಂಧೀಜಿಯವರು ಉಪವಾಸ ಆರಂಭಿಸಿದರು. 18ರಂದು ಒಪ್ಪಂದವಾಯಿತು. ಅದರಂತೆ ಕಾರ್ಮಿಕರಿಗೆ ಮೊದಲ ದಿನ ನೂರಕ್ಕೆ 35, ಎರಡನೆಯ ದಿನ 20, ಮೂರನೆಯ ದಿನದಿಂದ ಪಂಚರ ತೀರ್ಮಾನ ಬರುವವರೆಗೆ ಇಪ್ಪತ್ತೇಳೂವರೆಯ ಹೆಚ್ಚಳ ದೊರೆಯಿತು. ಪಂಚರಾಗಿ ನೇಮಕಗೊಂಡ ಆನಂದಶಂಕರ ಧ್ರುವ ಅವರು ಅದೇ ವರ್ಷ 35ರ ಹೆಚ್ಚಳವನ್ನೇ ಎತ್ತಿಹಿಡಿದರು. 1920ರಲ್ಲಿ ಅಹಮದಾಬಾದಿನ ಮಜೂರ್ ಮಹಾಜನ ಸಂಘ ಸ್ಥಾಪನೆಯಾಯಿತು.

ಸಂಘಕ್ಕೆ ಕಾನೂನಿನ ರಕ್ಷಣೆ

ಅದೇ ಕಾಲದಲ್ಲಿ ಮದರಾಸಿನಲ್ಲಿ ನಡೆದ ಘಟನೆಯೊಂದು ಬೇರೆ ಪಾಠ ಕಲಿಸಿತು. 1918ರ ಏಪ್ರಿಲಿನಲ್ಲಿ ಬಿ. ಪಿ. ವಾಡಿಯಾ ಅವರ ನೇತೃತ್ವದಲ್ಲಿ ಅಲ್ಲಿ ಮದರಾಸ್ ಲೇಬರ್ ಯೂನಿಯನ್ ಸ್ಥಾಪನೆಯಾಯಿತು. ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಗಿರಣಿಗಳ ವಿವಾದದಲ್ಲಿ ಸಂಘದ ಮುಖಂಡರ ವಿರುದ್ಧ ದಾವೆ ಹೂಡಲಾಯಿತು. ಮದರಾಸು ಹೈಕೋರ್ಟು ತಡೆಯಾಜ್ಞೆಯನ್ನೂ ನೀಡಿತು. ಕೂಡಿ ಕೆಲಸ ನಿಲ್ಲಿಸಿರೆಂದು ಹೇಳುವುದೇ ಆಗ ಮುಖಂಡರನ್ನು ನ್ಯಾಯಾಲಯದ ಮೆಟ್ಟಿಲು ಹತ್ತಿಸಬಹುದಾಗಿತ್ತು. ಇದನ್ನು ಮನಗಂಡ ಎನ್. ಎಂ. ಜೋಶಿ ಅವರು 1921ರಲ್ಲಿ ಕೇಂದ್ರ ಶಾಸನ ಸಭೆಯಲ್ಲಿ ನಿರ್ಣಯ ಮಂಡಿಸಿದರು. ಅದರ ಫಲವಾಗಿ 1926ರಲ್ಲಿ ಕಾರ್ಮಿಕ ಸಂಘಗಳ ಕಾಯಿದೆ ರೂಪುಗೊಂಡಿತು.

ಆ ಕಾಯಿದೆ, 1946ರ ಸ್ಥಾಯೀ ಆದೇಶಗಳ ಕಾಯಿದೆ, 1947ರ ಕೈಗಾರಿಕಾ ವಿವಾದಗಳ ಕಾಯಿದೆ ಈ ಮೂರನ್ನೂ ಒಗ್ಗೂಡಿಸಿ ಸಂಸತ್ತು ಕೈಗಾರಿಕಾ ಸಂಬಂಧಗಳ ಸಂಹಿತೆ, 2020ನ್ನು ಅಂಗೀಕರಿಸಿತು. ಈ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಹಳೆಯ ಕಾಯಿದೆಯ ಅವಧಿಗಳನ್ನು ಬಾಯಿಪಾಠ ಮಾಡಿಕೊಂಡಿರುವ ಹಿರಿಯ ಸದಸ್ಯರು ಹೊಸ ಅವಧಿಗಳನ್ನು ತಿಳಿದುಕೊಳ್ಳುವುದು ಅಗತ್ಯ.

ಯಾರು ಮಾತನಾಡಬೇಕು?

ಒಂದು ಸಂಸ್ಥೆಯಲ್ಲಿ ಒಂದಕ್ಕಿಂತ ಹೆಚ್ಚು ಸಂಘಗಳಿದ್ದಲ್ಲಿ, ಹಾಜರಿ ಪಟ್ಟಿಯಲ್ಲಿರುವ ಕಾರ್ಮಿಕರಲ್ಲಿ ನೂರಕ್ಕೆ 51 ಅಥವಾ ಅದಕ್ಕಿಂತ ಹೆಚ್ಚಿನವರ ಬೆಂಬಲವಿರುವ ಸಂಘವು ಏಕೈಕ ಸಂಧಾನ ಸಂಘವೆಂದು ಮಾನ್ಯತೆ ಪಡೆಯುತ್ತದೆ. ಯಾವ ಸಂಘಕ್ಕೂ ಅಷ್ಟು ಬೆಂಬಲವಿಲ್ಲದಿದ್ದಲ್ಲಿ ಸಂಧಾನ ಮಂಡಲಿ ರಚನೆಯಾಗುತ್ತದೆ. ನೂರಕ್ಕೆ 20ಕ್ಕಿಂತ ಕಡಿಮೆಯಿಲ್ಲದ ಬೆಂಬಲವಿರುವ ಸಂಘಗಳಿಗೆ ಅದರಲ್ಲಿ ಸ್ಥಾನವಿರುತ್ತದೆ.

ಉದಾಹರಣೆಗೆ 600 ಕಾರ್ಮಿಕರಿರುವ ಕಾರ್ಖಾನೆಯಲ್ಲಿ 306 ಮಂದಿಯ ಬೆಂಬಲವಿರುವ ಸಂಘವೊಂದೇ ಮಾತುಕತೆಗೆ ಅರ್ಹ. ದೊಡ್ಡ ಸಂಘಕ್ಕೆ 270 ಮಂದಿಯ ಬೆಂಬಲ ಮಾತ್ರ ಇದ್ದರೆ, 120 ಅಥವಾ ಹೆಚ್ಚು ಮಂದಿಯ ಬೆಂಬಲವಿರುವ ಇತರ ಸಂಘಗಳೂ ಮಂಡಲಿಯಲ್ಲಿ ಕುಳಿತುಕೊಳ್ಳುತ್ತವೆ. ಆದುದರಿಂದ ಶಾಖೆಯ ಮೊದಲ ಸುತ್ತೋಲೆಯಲ್ಲಿಯೇ ‘ನಿಮ್ಮ ಪರವಾಗಿ ಮಾತನಾಡುತ್ತಿರುವವರು ಯಾರು’ ಎಂಬುದು ಸ್ಪಷ್ಟವಾಗಿರಬೇಕು.

ಪದಗಳ ಅರ್ಥ ತಿಳಿದಿರಲಿ

ಸುದ್ದಿಯಲ್ಲಿ ಬಳಸುವ ಕೆಲವು ಪದಗಳು ಕೇಳಲು ಒಂದೇ ಬಗೆಯವಾಗಿದ್ದರೂ ಅವುಗಳ ಪರಿಣಾಮ ಬೇರೆ ಬೇರೆ.

ಮಾತುಕತೆ: ಸಂಘ ಮತ್ತು ಆಡಳಿತ ವರ್ಗ ನೇರವಾಗಿ ಕುಳಿತು ಚರ್ಚಿಸುವುದು.

ರಾಜಿ ಸಂಧಾನ: ಸರ್ಕಾರ ನೇಮಿಸಿದ ಸಂಧಾನಾಧಿಕಾರಿಯ ಸಮ್ಮುಖದಲ್ಲಿ ನಡೆಯುವ ಚರ್ಚೆ. ಈ ಅಧಿಕಾರಿ ಉಭಯ ಪಕ್ಷಗಳನ್ನು ಒಪ್ಪಂದಕ್ಕೆ ತರಲು ಯತ್ನಿಸುತ್ತಾರೆ, ತೀರ್ಪು ನೀಡುವುದಿಲ್ಲ.

ಪಂಚಾಯಿತಿಕೆ: ಉಭಯ ಪಕ್ಷಗಳೂ ಒಪ್ಪಿ ಆರಿಸಿದ ವ್ಯಕ್ತಿಯ ತೀರ್ಮಾನಕ್ಕೆ ವಿವಾದವನ್ನು ಒಪ್ಪಿಸುವುದು. ಅಹಮದಾಬಾದಿನಲ್ಲಿ ಕೊನೆಗೆ ನಡೆದದ್ದು ಇದೇ.

ನ್ಯಾಯನಿರ್ಣಯ: ಕೈಗಾರಿಕಾ ನ್ಯಾಯಾಧಿಕರಣವು ವಿಚಾರಣೆ ನಡೆಸಿ ಐತೀರ್ಪು ನೀಡುವುದು.

‘ಮಾತುಕತೆ ಮುರಿದು ಬಿದ್ದಿದೆ’ ಎಂದು ಬರೆದರೆ ಎಲ್ಲವೂ ಮುಗಿಯಿತೆಂದು ಸದಸ್ಯರು ಭಾವಿಸಬಹುದು. ‘ನೇರ ಮಾತುಕತೆ ಫಲಿಸಿಲ್ಲ, ವಿವಾದ ಈಗ ಸಂಧಾನಾಧಿಕಾರಿಯ ಮುಂದಿದೆ’ ಎಂದು ಬರೆದರೆ ನಿಜಸ್ಥಿತಿ ತಿಳಿಯುತ್ತದೆ.

ನೆನಪಿನಲ್ಲಿಡಬೇಕಾದ ಅವಧಿಗಳು

ವಿವಾದದಲ್ಲಿ ನ್ಯಾಯ ನಮ್ಮ ಕಡೆಗಿದ್ದರೂ ಅವಧಿ ಮೀರಿದರೆ ಕೈತಪ್ಪಿಹೋಗಬಹುದು. ಶಾಖೆಯು ಪ್ರತಿಯೊಂದು ಸುತ್ತೋಲೆಯಲ್ಲಿಯೂ ಅನ್ವಯವಾಗುವ ಅವಧಿಯನ್ನು ದಿನಾಂಕ ಸಹಿತ ನಮೂದಿಸತಕ್ಕದ್ದು.

1. ಇಪ್ಪತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಯಲ್ಲಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ಅದರಲ್ಲಿ ಮಾಲೀಕರ ಮತ್ತು ಕಾರ್ಮಿಕರ ಪ್ರತಿನಿಧಿಗಳು ಸಮಸಂಖ್ಯೆಯಲ್ಲಿರುತ್ತಾರೆ. ಮಹಿಳಾ ಕಾರ್ಮಿಕರಿಗೆ ಸೂಕ್ತ ಪ್ರಾತಿನಿಧ್ಯವಿರಬೇಕು. ಕುಂದುಕೊರತೆ ಉಂಟಾದ ಒಂದು ವರ್ಷದೊಳಗೆ ಕಾರ್ಮಿಕನು ಸಮಿತಿಗೆ ಅರ್ಜಿ ಸಲ್ಲಿಸಬಹುದು. ಸಮಿತಿ 30 ದಿನಗಳಲ್ಲಿ ಕಲಾಪ ಮುಗಿಸಬೇಕು. ನಿರ್ಧಾರ ಸಮ್ಮತವಾಗದಿದ್ದರೆ 60 ದಿನಗಳೊಳಗೆ ತನ್ನ ಸಂಘದ ಮೂಲಕ ಸಂಧಾನಾಧಿಕಾರಿಯ ಬಳಿಗೆ ಹೋಗಬಹುದು.

2. ವೇತನ, ಭತ್ಯೆ, ಕೆಲಸದ ವೇಳೆ, ಪಾಳಿ ಮುಂತಾದ ಗೊತ್ತುಪಡಿಸಿದ ಸೇವಾ ಷರತ್ತುಗಳನ್ನು ಬದಲಾಯಿಸುವ ಮುನ್ನ ಮಾಲೀಕರು ಸಾಮಾನ್ಯವಾಗಿ 21 ದಿನಗಳ ನೋಟಿಸು ನೀಡಬೇಕು.

3. ಸಂಧಾನಾಧಿಕಾರಿಯು ಸಾಮಾನ್ಯವಾಗಿ 45 ದಿನಗಳೊಳಗೆ, ಮುಷ್ಕರದ ನೋಟಿಸು ಬಂದಿದ್ದಲ್ಲಿ 14 ದಿನಗಳೊಳಗೆ ವರದಿ ಸಲ್ಲಿಸಬೇಕು. ಒಪ್ಪಂದವಾಗದಿದ್ದರೆ, ವರದಿ ತಲುಪಿದ 90 ದಿನಗಳೊಳಗೆ ನ್ಯಾಯಾಧಿಕರಣಕ್ಕೆ ಅರ್ಜಿ ಸಲ್ಲಿಸಬಹುದು.

4. ಮುಷ್ಕರ ಹೂಡಬೇಕಾದರೆ ಮುಂಚಿತವಾಗಿ ನೋಟಿಸು ಕೊಡಬೇಕು. ನೋಟಿಸು ಕೊಟ್ಟ 14 ದಿನಗಳೊಳಗೆ ಮುಷ್ಕರ ಹೂಡುವಂತಿಲ್ಲ. ಆ ನೋಟಿಸಿನ ಬಲ 60 ದಿನಗಳವರೆಗೆ ಮಾತ್ರ. ಹಳೆಯ ಕಾಯಿದೆಯಲ್ಲಿ ಇಂತಹ ನೋಟಿಸಿನ ಕಡ್ಡಾಯ ಸಾರ್ವಜನಿಕ ಉಪಯುಕ್ತ ಸೇವೆಗಳಿಗೆ ಮಾತ್ರ ಇತ್ತು. ಈಗ ಅದು ಎಲ್ಲ ಕೈಗಾರಿಕಾ ಸಂಸ್ಥೆಗಳಿಗೂ ಅನ್ವಯಿಸುತ್ತದೆ.

5. ರಾಜಿ ಸಂಧಾನ ನಡೆಯುತ್ತಿರುವಾಗ ಮತ್ತು ಅದು ಮುಗಿದ 7 ದಿನಗಳವರೆಗೆ, ನ್ಯಾಯಾಧಿಕರಣದ ವಿಚಾರಣೆ ನಡೆಯುತ್ತಿರುವಾಗ ಮತ್ತು ಅದು ಮುಗಿದ 60 ದಿನಗಳವರೆಗೆ ಮುಷ್ಕರ ನಿಷಿದ್ಧ. ನೂರಕ್ಕೆ 50 ಅಥವಾ ಹೆಚ್ಚು ಕಾರ್ಮಿಕರು ಒಟ್ಟಾಗಿ ಒಂದೇ ದಿನ ಸಾಂದರ್ಭಿಕ ರಜೆ ಹಾಕುವುದೂ ಮುಷ್ಕರವೆಂದೇ ಪರಿಗಣಿತವಾಗುತ್ತದೆ.

ಲಾಕೌಟ್ ವಿಷಯದಲ್ಲಿ ಮಾಲೀಕರಿಗೂ ಇಂತಹವೇ ನಿರ್ಬಂಧಗಳಿವೆ. ಕಾನೂನುಬಾಹಿರ ಮುಷ್ಕರದಲ್ಲಿ ಭಾಗವಹಿಸಿದ ಕಾರ್ಮಿಕನಿಗೆ 1,000 ರೂಪಾಯಿಗಳಿಂದ 10,000 ರೂಪಾಯಿಗಳವರೆಗೆ ದಂಡ, ಇಲ್ಲವೇ ಒಂದು ತಿಂಗಳವರೆಗೆ ಸೆರೆವಾಸ, ಅಥವಾ ಎರಡನ್ನೂ ವಿಧಿಸಬಹುದಾಗಿದೆ. ‘ನಾಳೆ ಯಾರೂ ಒಳಗೆ ಹೋಗಬಾರದಂತೆ’ ಎಂದು ಚಹದ ಅಂಗಡಿಯಲ್ಲಿ ಕೇಳಿದ ಮಾತನ್ನು ನಂಬಿ ಗೇಟಿನ ಹೊರಗೆ ನಿಂತವನಿಗೂ ಈ ತೊಂದರೆ ತಪ್ಪುವುದಿಲ್ಲ. ಇಂತಹ ವೇಳೆಯಲ್ಲಿ ಶಾಖೆಯ ಒಂದು ಪುಟದ ಲಿಖಿತ ಸೂಚನೆ ಒಂದು ಕುಟುಂಬದ ಅನ್ನವನ್ನೇ ಉಳಿಸಬಲ್ಲದು.

ಸುತ್ತೋಲೆ ಹೇಗಿರಬೇಕು?

ಸಭೆ ನಡೆದ ದಿನವೇ, ತಪ್ಪಿದರೆ ಮರುದಿನದ ಮೊದಲ ಪಾಳಿಗೆ ಮುನ್ನ ಸುತ್ತೋಲೆ ಹೊರಡಿಸುವುದು ಒಳ್ಳೆಯ ಪದ್ಧತಿ. ಪ್ರತಿಯೊಂದು ಬೇಡಿಕೆಯ ಬಗೆಗೂ ಮೂರು ಅಂಶಗಳಿರಬೇಕು: ನಾವು ಕೇಳಿದ್ದೇನು, ಅವರು ಹೇಳಿದ್ದೇನು, ಉಳಿದದ್ದೇನು. ಕೊನೆಯಲ್ಲಿ ಮುಂದಿನ ಸಭೆಯ ದಿನಾಂಕ ಮತ್ತು ಸದಸ್ಯರು ಮಾಡಬೇಕಾದ, ಮಾಡಬಾರದ ಕಾರ್ಯಗಳಿರಬೇಕು. ಕಾಲ್ಪನಿಕ ಶಾಖೆಯೊಂದರ ಮಾದರಿ ಸುತ್ತೋಲೆಯನ್ನು ಕೆಳಗೆ ಕೊಡಲಾಗಿದೆ.

“ಸದಸ್ಯ ಬಂಧುಗಳೇ, ರಾಜಿ ಸಂಧಾನದ ಎರಡನೆಯ ಸಭೆಯು ಈ ತಿಂಗಳ 12ರಂದು ಬೆಳಿಗ್ಗೆ 11 ಗಂಟೆಗೆ ಸಂಧಾನಾಧಿಕಾರಿಯವರ ಕಚೇರಿಯಲ್ಲಿ ನಡೆಯಿತು. ಸಂಘದ ಪರವಾಗಿ ಐವರು, ಆಡಳಿತ ವರ್ಗದ ಪರವಾಗಿ ಮೂವರು ಹಾಜರಿದ್ದರು.

ಮೂಲ ವೇತನ: ತಿಂಗಳಿಗೆ 2,400 ರೂಪಾಯಿಗಳ ಹೆಚ್ಚಳ ಕೇಳಿದ್ದೆವು. ಆಡಳಿತ ವರ್ಗವು ಮೂರು ವರ್ಷಗಳಲ್ಲಿ ಹಂತಹಂತವಾಗಿ 1,450 ರೂಪಾಯಿ ಎಂದಿದೆ. ಒಪ್ಪಂದವಾಗಿಲ್ಲ.

ರಾತ್ರಿ ಪಾಳಿಯ ಭತ್ಯೆ: ಪಾಳಿಗೆ 60 ರೂಪಾಯಿ ಕೇಳಿದ್ದೆವು. 50 ರೂಪಾಯಿಗೆ ಬಾಯಿಮಾತಿನ ಒಪ್ಪಿಗೆ ದೊರೆತಿದೆ. ಬರವಣಿಗೆಯಲ್ಲಿ ಇನ್ನೂ ಬಂದಿಲ್ಲ. ಆದುದರಿಂದ ಇದು ದೊರೆತಿದೆಯೆಂದು ಯಾರೂ ಎಣಿಸಬಾರದಾಗಿ ವಿನಂತಿ.

ಅಮಾನತ್ತಿನಲ್ಲಿರುವ ಇಬ್ಬರು ಸದಸ್ಯರ ವಿಷಯ: ಮುಂದಿನ ಸಭೆಯಲ್ಲಿ ಚರ್ಚೆಗೆ ಬರಲಿದೆ.

ಮುಂದಿನ ಸಭೆ 19ರಂದು. ಸಂಧಾನ ನಡೆಯುತ್ತಿರುವುದರಿಂದ ಕೆಲಸ ನಿಲ್ಲಿಸುವುದಾಗಲಿ ಸಾಮೂಹಿಕ ರಜೆ ಹಾಕುವುದಾಗಲಿ ಕೂಡದು. ಶಾಖೆಯ ಮೊಹರು ಮತ್ತು ಕಾರ್ಯದರ್ಶಿಯ ಸಹಿಯಿಲ್ಲದ ಸೂಚನೆಯನ್ನು ನಂಬಬೇಡಿ. 20ರಂದು ಸಂಜೆ ಸರ್ವಸದಸ್ಯರ ಸಭೆಗೆ ತಪ್ಪದೆ ಬನ್ನಿರಿ.”

ಈ ಸುತ್ತೋಲೆಯಲ್ಲಿ ಜಯಘೋಷವಿಲ್ಲ, ನಿಂದೆಯಿಲ್ಲ. ಬಾಯಿಮಾತಿನ ಒಪ್ಪಿಗೆಯನ್ನು ಬಾಯಿಮಾತೆಂದೇ ಹೇಳಲಾಗಿದೆ. ಅಮಾನತ್ತಿನಲ್ಲಿರುವವರ ಹೆಸರಾಗಲಿ, ಅವರ ಮೇಲಿನ ಆರೋಪವಾಗಲಿ ಇಲ್ಲ. ಸಂಘವು ಎಷ್ಟಕ್ಕೆ ಇಳಿಯಲು ಸಿದ್ಧವೆಂಬುದೂ ಇಲ್ಲ. ಅದು ಫಲಕದ ಮೇಲೆ ಬಂದರೆ ಮೊದಲು ಓದುವವರು ಎದುರು ಪಕ್ಷದವರು. ಇಂತಹ ವಿಷಯವನ್ನು ಗುಟ್ಟಾಗಿಡುವಾಗ, ಗುಟ್ಟಾಗಿಡಲು ಕಾರಣವನ್ನು ಸರ್ವಸದಸ್ಯರ ಸಭೆಯಲ್ಲಿ ತಿಳಿಸುವುದು ಯೋಗ್ಯ.

ಅಂಕಿಯ ಹಿಂದಿನ ಲೆಕ್ಕ

‘1,450 ರೂಪಾಯಿ ಹೆಚ್ಚಳ’ ಎಂಬ ಶೀರ್ಷಿಕೆಯನ್ನಷ್ಟೇ ಓದಿ ಸಂತೋಷಪಡುವುದು ಸರಿಯಲ್ಲ. ಮೇಲಿನ ಉದಾಹರಣೆಯಲ್ಲಿ ಮೊದಲ ವರ್ಷ 800, ಎರಡನೆಯ ವರ್ಷ ಇನ್ನೂ 400, ಮೂರನೆಯ ವರ್ಷ ಇನ್ನೂ 250 ರೂಪಾಯಿ ಎಂದು ಹಂತಗಳಿವೆಯೆಂದು ಭಾವಿಸೋಣ. ಮೊದಲ ವರ್ಷ ತಿಂಗಳಿಗೆ 800ರಂತೆ 9,600, ಎರಡನೆಯ ವರ್ಷ 1,200ರಂತೆ 14,400, ಮೂರನೆಯ ವರ್ಷ 1,450ರಂತೆ 17,400; ಒಟ್ಟು 41,400 ರೂಪಾಯಿ. ಮೊದಲ ತಿಂಗಳಿನಿಂದಲೇ 1,450 ರೂಪಾಯಿ ದೊರೆತಿದ್ದರೆ 36 ತಿಂಗಳಲ್ಲಿ 52,200 ರೂಪಾಯಿ ಆಗುತ್ತಿತ್ತು. ವ್ಯತ್ಯಾಸ 10,800 ರೂಪಾಯಿ. ಹಂತಹಂತದ ಹೆಚ್ಚಳವನ್ನು ಒಪ್ಪಲೇಬಾರದೆಂದು ಇದರ ಅರ್ಥವಲ್ಲ. ಸಂಸ್ಥೆಯ ಸ್ಥಿತಿಗತಿ ನೋಡಿ ಒಪ್ಪಬೇಕಾಗಿ ಬರಬಹುದು. ಆದರೆ ಒಪ್ಪುವವರಿಗೆ ಈ ಲೆಕ್ಕ ಮೊದಲೇ ಗೊತ್ತಿರಬೇಕು.

ಒಪ್ಪಂದಕ್ಕೆ ಸಹಿಯಾದ ಮೇಲೆ

ರಾಜಿ ಸಂಧಾನದ ಕಾಲದಲ್ಲಿ ಆದ ಒಪ್ಪಂದವು ಸಂಘದ ಸದಸ್ಯರಲ್ಲದವರೂ ಸೇರಿದಂತೆ ಆ ಸಂಸ್ಥೆಯ ಎಲ್ಲ ಕಾರ್ಮಿಕರಿಗೂ ಅನ್ವಯಿಸುತ್ತದೆ. ಅನಂತರ ಕೆಲಸಕ್ಕೆ ಸೇರುವವರನ್ನೂ ಅದು ಬಂಧಿಸುತ್ತದೆ. ಸಂಧಾನಾಧಿಕಾರಿಯ ಪಾತ್ರವಿಲ್ಲದೆ ಹೊರಗೆ ಆದ ಒಪ್ಪಂದವು ಅದಕ್ಕೆ ಸಹಿ ಹಾಕಿದ ಪಕ್ಷಗಳಿಗೆ ಮಾತ್ರ ಅನ್ವಯಿಸುತ್ತದೆ. ಒಪ್ಪಂದದಲ್ಲಿ ಅವಧಿ ಹೇಳಿರದಿದ್ದರೆ ಅದು ಆರು ತಿಂಗಳು ಜಾರಿಯಲ್ಲಿರುತ್ತದೆ. ಅವಧಿ ಮುಗಿದ ಮೇಲೂ, ಕೊನೆಗೊಳಿಸುವ ನೋಟಿಸು ಕೊಟ್ಟು 60 ದಿನಗಳಾಗುವವರೆಗೆ ಮುಂದುವರಿಯುತ್ತದೆ. ಒಪ್ಪಂದ ಜಾರಿಯಲ್ಲಿರುವಾಗ ಅದರಲ್ಲಿ ಅಡಕವಾದ ವಿಷಯಗಳಿಗಾಗಿ ಮುಷ್ಕರ ಹೂಡುವಂತಿಲ್ಲ.

ಇದನ್ನು ನೋಡಿದರೆ, ಸಹಿ ಹಾಕುವ ಮುನ್ನವೇ ಕರಡನ್ನು ಸದಸ್ಯರ ಮುಂದೆ ಓದಿ ಹೇಳುವುದು ಎಷ್ಟು ಮುಖ್ಯವೆಂಬುದು ವೇದ್ಯವಾಗುತ್ತದೆ. ಹಲವು ಭಾಷೆಗಳ ಜನ ದುಡಿಯುವ ಕಡೆ ಶಾಖೆಯು ಪ್ರತಿಯೊಂದು ಭಾಷೆಯಲ್ಲಿಯೂ ಸಾರಾಂಶವನ್ನು ಸಿದ್ಧಪಡಿಸುವುದು ಉಚಿತ. ಭಾಷೆ ಬಲ್ಲ ಇಬ್ಬರು ಸದಸ್ಯರು ಅದನ್ನು ಮೂಲದೊಂದಿಗೆ ಹೋಲಿಸಿ ನೋಡಲಿ. ಅಂಕಿ, ದಿನಾಂಕ, ‘ಮಾತ್ರ’, ‘ಹೊರತು’, ‘ಒಳಪಟ್ಟು’ ಎಂಬಂತಹ ಪದಗಳಲ್ಲಿ ತಪ್ಪು ನುಸುಳುವ ಸಂಭವ ಹೆಚ್ಚು. ಭಾಷಾಂತರವು ತಿಳಿವಳಿಕೆಗಾಗಿ, ಜಾರಿಯಾಗುವುದು ಸಹಿಯಾದ ಮೂಲಪತ್ರ ಎಂಬುದನ್ನೂ ಮರೆಯಬಾರದು.

ಸದಸ್ಯರ ಹಕ್ಕು ಮತ್ತು ಹೊಣೆ

ನೋಂದಣಿಯಾದ ಸಂಘದ ನಿಯಮಾವಳಿಯಲ್ಲಿ ಸದಸ್ಯರ ಪಟ್ಟಿಯನ್ನೂ ಲೆಕ್ಕಪತ್ರಗಳನ್ನೂ ಸದಸ್ಯರು ಪರಿಶೀಲಿಸಲು ಅವಕಾಶವಿರಬೇಕು. ಪ್ರಶ್ನೆ ಕೇಳುವುದು ಸಂಘದ್ರೋಹವಲ್ಲ. ಅದೇ ರೀತಿ, ಸಭೆಗೆ ಬಾರದೆ, ಸುತ್ತೋಲೆ ಓದದೆ, ಒಪ್ಪಂದವಾದ ಮೇಲೆ ಮುಖಂಡರನ್ನು ದೂರುವುದು ನ್ಯಾಯವಲ್ಲ. ವಿವಾದ ಯಾವ ಸರ್ಕಾರದ ವ್ಯಾಪ್ತಿಗೆ ಸೇರಿದೆ ಎಂಬುದನ್ನೂ ತಿಳಿದಿರಬೇಕು. ರೈಲ್ವೆ, ಗಣಿ, ಪ್ರಧಾನ ಬಂದರುಗಳಂತಹ ಕ್ಷೇತ್ರಗಳ ವಿವಾದಗಳು ಕೇಂದ್ರದ ಮುಖ್ಯ ಕಾರ್ಮಿಕ ಆಯುಕ್ತರ ವ್ಯವಸ್ಥೆಗೆ ಸೇರುತ್ತವೆ. ಸಾಮಾನ್ಯ ಖಾಸಗಿ ಕಾರ್ಖಾನೆಗಳ ವಿವಾದಗಳು ರಾಜ್ಯದ ಕಾರ್ಮಿಕ ಇಲಾಖೆಗೆ ಸೇರುತ್ತವೆ. ನಿಯಮ ಮತ್ತು ನಮೂನೆಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಬಹುದಾದುದರಿಂದ ಸ್ಥಳೀಯ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಒಳಿತು. 1958ರಲ್ಲಿ ನಾಗಪುರದಲ್ಲಿ ಕೇಂದ್ರ ಕಾರ್ಯಾಲಯದೊಂದಿಗೆ ಸ್ಥಾಪನೆಯಾಗಿ, ಈಗ ದತ್ತೋಪಂತ ಠೇಂಗಡಿ ರಾಷ್ಟ್ರೀಯ ಮಂಡಲಿ ಎಂದು ಹೆಸರಾಗಿರುವ ಕಾರ್ಮಿಕ ಶಿಕ್ಷಣ ಸಂಸ್ಥೆಯು ಇಂತಹ ವಿಷಯಗಳಲ್ಲಿ ತರಬೇತಿ ನೀಡುತ್ತದೆ.

ಸಾಬರಮತಿಯ ದಡದಲ್ಲಿ ಸೇರಿದ್ದ ನೇಕಾರರಲ್ಲಿ ಓದು ಬಲ್ಲವರು ಕಡಿಮೆ. ಆದರೂ ತಾವು ಏನು ಕೇಳುತ್ತಿದ್ದೇವೆ, ಏಕೆ ಕೇಳುತ್ತಿದ್ದೇವೆ ಎಂಬುದನ್ನು ಅವರಿಗೆ ದಿನದಿನವೂ ತಿಳಿಸಿ ಹೇಳಲಾಯಿತು. ಇಂದಿನ ಕಾರ್ಮಿಕರಿಗೂ ಅಷ್ಟು ತಿಳಿದಿರಬೇಕಾದುದು ಅವಶ್ಯ.

ಚರ್ಚೆಗೆ ಕೆಲವು ಪ್ರಶ್ನೆಗಳು

1. ನಿಮ್ಮ ಸಂಸ್ಥೆಯಲ್ಲಿ ಸಂಧಾನ ನಡೆಸುವ ಅಧಿಕಾರ ಯಾವ ಸಂಘಕ್ಕೆ ಅಥವಾ ಮಂಡಲಿಗೆ ಇದೆ?

2. ಈಗ ಜಾರಿಯಲ್ಲಿರುವ ಒಪ್ಪಂದದ ಅವಧಿ ಯಾವ ದಿನಾಂಕಕ್ಕೆ ಮುಗಿಯುತ್ತದೆ? ಅದರ ಪ್ರತಿಯನ್ನು ನೀವು ಓದಿದ್ದೀರಾ?

3. ಕುಂದುಕೊರತೆ ನಿವಾರಣಾ ಸಮಿತಿಯಲ್ಲಿ ಕಾರ್ಮಿಕರ ಪ್ರತಿನಿಧಿಗಳು ಯಾರು? ಅವರಲ್ಲಿ ಮಹಿಳೆಯರಿದ್ದಾರೆಯೇ?

4. ಕಳೆದ ಸುತ್ತೋಲೆಯಲ್ಲಿ ಬಾಯಿಮಾತಿನ ಒಪ್ಪಿಗೆ ಯಾವುದು, ಬರವಣಿಗೆಯ ಒಪ್ಪಂದ ಯಾವುದು ಎಂಬುದು ಸ್ಪಷ್ಟವಾಗಿತ್ತೇ?